ಮನೆಯೊಳಗೆ ಬಂದ ಸರ್

ಸೊಸೆಯಾಗುವವಳಿಗೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳುವ ಹಿರಿಯರು, ಅಳಿಯನಾಗುವವನು ಕೊರಳಲ್ಲಿ ಸೀಟಿ ಹಾಕಿಕೊಂಡು ತಿರುಗುತ್ತಾನೆಯೇ ಎಂದು ಕೇಳುವುದಿಲ್ಲ. ಕೇಳಿದ್ದರೆ ನಾನು ಬಚಾವಾಗುತ್ತಿದ್ದೆ. ನನ್ನ ಯಜಮಾನರು ಹಳಿಯಾಳದಲ್ಲಿ ಮಕ್ಕಳಿಗೆ ಕುಸ್ತಿ ಕಲಿಸುತ್ತಾರೆ. ನಮ್ಮೂರಲ್ಲಿ ಹಾಲು ಹಾಕುವವನೂ ಬಾಗಿಲಲ್ಲಿ ನಿಂತು ಪಟ್ಟು ವಿವರಿಸುತ್ತಾನೆ ಅನ್ನಿ. ಮನೆಯಲ್ಲಿ ಇವರು ಆಕಳಂಥವರು, ಸಾರಿಗೆ ಉಪ್ಪಿಲ್ಲದಿದ್ದರೂ ಮಾತಿಲ್ಲ. ಮ್ಯಾಟಿನ ಮೇಲೆ ಕಾಲಿಟ್ಟರೋ, ಅವರ ದನಿಗೆ ಪಕ್ಕದ ಓಣಿಯ ನಾಯಿಗಳೂ ಬೈಠಕ್ ಹೊಡೆಯಬೇಕು!

ನಮ್ಮ ಮಗಳು ರೂಪಾ ಈಗ ಒಂಬತ್ತನೆಯ ತರಗತಿ. ತಾನೇ ಹಟ ಹಿಡಿದು ಕುಸ್ತಿಗೆ ಸೇರಿದಳು. ಮೊದಮೊದಲು ಅಪ್ಪನ ಸ್ಕೂಟರ್ ಹಿಂದೆ ಕೂತು ಹಾಡುತ್ತಾ ಹೋಗುತ್ತಿದ್ದಳು. ಅಷ್ಟರಲ್ಲಿ ಯಾರೋ ಪಾಲಕರು, "ಸರ್ ತಮ್ಮ ಮಗಳಿಗಷ್ಟ ಚಂದಂಗ ಕಲಿಸ್ತಾರ ಬಿಡ್ರಿ" ಎಂದುಬಿಟ್ಟರು. ಮುಗಿಯಿತು. ಮರುದಿನವೇ ಇವರು ಎಲ್ಲರ ಮುಂದೆ, "ಇಲ್ಲೆ ನಿಮ್ಮಪ್ಪ ಇಲ್ಲ, ಸರ್ ಅನ್ನಬೇಕು" ಎಂದರು. ಬೇರೆ ಮಕ್ಕಳು ಸೋತರೆ ಬೆನ್ನು ತಟ್ಟುವರು, ಇವಳು ಗೆದ್ದು ಬಂದರೂ "ಹಿಡಿತ ಯಾಕ ಸಡಿಲಾತು?" ಎಂದು ಗದರುವರು. ಪಕ್ಷಪಾತವಿಲ್ಲವೆಂದು ಊರಿಗೆ ತೋರಿಸಲು ಹೋಗಿ ಹೆತ್ತ ಮಗಳಿಗೇ ಮಲತಂದೆಯಾದರು. ಪ್ರತಿ ಪಂದ್ಯದ ದಿನ ಮುಂಜಾನೆ ಅವಳು ತಿಂದದ್ದನ್ನೆಲ್ಲ ವಾಂತಿ ಮಾಡತೊಡಗಿದಳು. ನಾನು ಅಜೀರ್ಣವೆಂದು ಓಮಿನ ನೀರು ಕುಡಿಸಿದೆ. ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳಲಿ.

ಒಂದು ದಿನ ಊಟಕ್ಕೆ ಕೂತಾಗ ಇವರು, "ಇನ್ನೊಂದು ರೊಟ್ಟಿ ಹಾಕ್ಕೊಳವಾ" ಎಂದರು. ಅವಳು ತಟ್ಟೆಯಿಂದ ತಲೆ ಎತ್ತದೆ, "ಬ್ಯಾಡ್ರಿ ಸರ್" ಎಂದಳು. ತಮಾಷೆಗಲ್ಲ, ಬಾಯಿಗೆ ಬಂದದ್ದೇ ಅದು. ಅವಳು ಕೈ ತೊಳೆಯಲು ಎದ್ದು ಹೋದರೂ ಇವರ ತುತ್ತು ಕೈಯಲ್ಲೇ ಇತ್ತು. "ಅಪ್ಪಾ ಅನ್ನೂದ ಬಿಟ್ಟಾಳ ನೋಡ" ಎಂದರು. ನನಗೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು. "ನೀವ ಕಲಿಸಿದ ಪಟ್ಟು, ಚಲೋ ಕಲತಾಳ" ಎಂದೆ. ಅನ್ನಬಾರದಿತ್ತು. ಇವರ ಕಣ್ಣು ತುಂಬಿಬಂತು.

ಮುಂದಿನ ಪಂದ್ಯ ಮುಂಡಗೋಡಿನಲ್ಲಿ. ನಾನು ಹುಕುಂ ಹೊರಡಿಸಿದೆ: "ನೀವು ಮನ್ಯಾಗ ಕುಂಡ್ರಿ. ಹುಡುಗರನ್ನ ನಿಮ್ಮ ಜೋಡಿ ಕಲಿಸೋ ಇನ್ನೊಬ್ಬ ಕೋಚ್ ಕರಕೊಂಡು ಹೋಗ್ಲಿ, ಈಕಿ ಕೂಡ ನಾ ಹೋಗ್ತೇನಿ." ಇವರು ಒಪ್ಪಿದರು. ಬಸ್ಸಿನಲ್ಲಿ ರೂಪಾ ಕೇಳಿ ಕೇಳಿ ಚುರುಮುರಿ ತಿಂದಳು, ವಾಂತಿಯ ಸುದ್ದಿಯೇ ಇಲ್ಲ. ಟಿಬೆಟನ್ ಕಾಲೊನಿ ಕಡೆಯ ಗೋವಿನಜೋಳದ ಹೊಲ ಬಂದಾಗ ನನ್ನ ಭುಜಕ್ಕೊರಗಿ, "ಅವ್ವಾ, ಸೋತರ ಬೈತೀ ಏನು?" ಎಂದಳು. "ಹುಚ್ಚಿ, ಕುಸ್ತಿ ನನಗೇನ ತಿಳೀತೈತಿ? ನೀ ಆಡು, ನಾ ಚಪ್ಪಾಳಿ ಹೊಡೀತೇನಿ" ಎಂದೆ. ನನ್ನದೆಂಥ ದೊಡ್ಡ ಮನಸ್ಸು ಎಂದು ನನಗೇ ಹೆಮ್ಮೆಯಾಯಿತು.

ಆಡಿದಳು. ಬಹಳ ದಿನಗಳ ಮೇಲೆ ನಗುನಗುತ್ತಾ ಆಡಿದಳು. ಗೆಲ್ಲುವ ಕುಸ್ತಿಯನ್ನು ಕೊನೆಯ ಗಳಿಗೆಯಲ್ಲಿ ಸೋತಳು. ಆದರೂ ಅಳಲಿಲ್ಲ, ಬೆವರಿನಲ್ಲೇ ಎರಡೂ ತೋಳು ಚಾಚಿಕೊಂಡು ಸೀದಾ ನನ್ನ ಕಡೆ ಓಡಿಬಂದಳು. ಮದುವೆಯಾದಾಗಿನಿಂದ ಕುಸ್ತಿಯ ಮಾತನ್ನೇ ಕೇಳುತ್ತ ಬಂದ ಹೆಂಗಸು ನಾನು. ಅಪ್ಪಿಕೊಳ್ಳುವ ಮೊದಲೇ ನನ್ನ ಹಾಳು ಬಾಯಿ, "ಆಕಿ ಕಾಲು ಕೈಯಾಗ ಸಿಕ್ಕಿತ್ತಲ್ಲ, ಯಾಕ ಬಿಟ್ಟಿ?" ಎಂದಿತು.

ಚಾಚಿದ ತೋಳು ಕೆಳಗಿಳಿದವು. ಬೆನ್ನು ನೆಟ್ಟಗಾಯಿತು.

"ತಪ್ಪಾತ್ರಿ ಮೇಡಂ" ಎಂದಳು.