ಟಣ್ ಟಣ್ ನರಸಿಂಹಯ್ಯ

ಹೆಂಡತಿಯ ಚೊಂಬಿಗೆ ಹೆಸರು ಕೊರೆದುಕೊಟ್ಟದ್ದೇ ನರಸಿಂಹಯ್ಯ ಮಾಡಿದ ತಪ್ಪು. ಲಕ್ಕಮ್ಮ ಆ ಚೊಂಬನ್ನು ಬಾವಿಕಟ್ಟೆಯ ಮೇಲೆ ಹೆಸರು ಕಾಣುವ ಹಾಗೆ ತಿರುಗಿಸಿ ಇಟ್ಟಳು. ಅಷ್ಟೇ. ಮದುವೆ ಮನೆಗೆ ಹೋದ ಪಾತ್ರೆ ಅದಲು ಬದಲಾಗಿ ಬೈದಾಡಿಕೊಂಡಿದ್ದ ಗೊರಗುಂಟೆಪಾಳ್ಯದ ಹೆಂಗಸರೆಲ್ಲ ಕೊಳಗ, ತಪ್ಪಲೆ ಹೊತ್ತು ಅವನ ಜಗಲಿಗೆ ಬಂದರು. ತುಮಕೂರು ರಸ್ತೆಯಲ್ಲಿ ಮೋಟಾರಿಗಿಂತ ಎತ್ತಿನ ಗಾಡಿ ಹೆಚ್ಚಿದ್ದ ಕಾಲ. ಅವನ ಸುತ್ತಿಗೆ ಸದ್ದು ಊರಾಚೆಗೂ ಕೇಳುತ್ತಿತ್ತು. ಜನ ಅವನಿಗೇ 'ಟಣ್ ಟಣ್ ನರಸಿಂಹಯ್ಯ' ಎಂದು ಹೆಸರು ಹಾಕಿದರು.

ಅದನ್ನು ಕೇಳಿದರೆ ಅವನ ಮೈಯೆಲ್ಲ ಉರಿಯುತ್ತಿತ್ತು. ಹೊಟ್ಟೆಪಾಡಿಗೆ ಜಾಲಹಳ್ಳಿ ಕಡೆಯ ಕಾರ್ಖಾನೆಯಲ್ಲಿ ಫಿಟ್ಟರ್, ಜೀವವೆಲ್ಲ ಚಿತ್ರದಲ್ಲಿ. ತಾಮ್ರದ ತಗಡಿಗೆ ಮೇಣ ಬಳಿದು, ಬೇಕಾದ ಕಡೆ ಮೇಣ ಕೆರೆದು ಆಸಿಡ್ಡು ಹುಯ್ದರೆ, ಕೆರೆದಷ್ಟನ್ನೇ ಅದು ತಿಂದು ಚಿತ್ರ ಮೂಡಿಸುತ್ತದೆ. ಅದನ್ನು ಹಲಸಿನ ಹಲಗೆಗೆ ಬಡಿದು ಸುತ್ತ ಬಳೆಚೂರು, ಸೀರೆಯಂಚು ಅಂಟಿಸುತ್ತಿದ್ದ. ಅವತ್ತು ಸಂಜೆ ಯಶವಂತಪುರದ ಸ್ಕೂಲು ಮೈದಾನದಲ್ಲಿ ಚಿತ್ರಗಳ ಪ್ರದರ್ಶನ, ಸ್ಪರ್ಧೆ. ಗೆದ್ದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಒಂದೇ ಒಂದು ಸಲ, ಟಣ್ ಟಣ್ ಇಲ್ಲದೆ, ಬರಿಯ ನರಸಿಂಹಯ್ಯ ಎಂದು ಊರಿಗೆಲ್ಲ ಕೇಳಬೇಕು. ಅವನ ಆಸೆ ಅಷ್ಟೇ.

ತಗಡಿನ ಮೇಲೆ ಕೆರೆ, ನಡುವೆ ಕೊಕ್ಕರೆ. ಆಸಿಡ್ಡು ಹುಯ್ದು ಕಾಯುತ್ತಿದ್ದಾಗ ಎದುರು ಮನೆಯ ಮಾರಕ್ಕ ಹಿತ್ತಾಳೆ ಹರಿವಾಣ ಹಿಡಿದು ಬಂದಳು.

"ಒಂದೆಸ್ರು ಆಕ್ಕೊಡಣ್ಣ."

"ಇವತ್ತಾಗಲ್ಲ, ಓಗಮ್ಮ."

"ಮೂರಕ್ಷರ ಕಣಣ್ಣ. ನಿನ್ನಂಗೆ ಮಾರುದ್ದದ ಎಸ್ರಾ ನಂದು?"

"ಓಗು ಅಂದ್ನಲ್ಲ."

"ಎಸ್ರಾಕು, ಓಯ್ತೀನಿ." ಮಾರಕ್ಕ ಜಗಲಿಯ ಮೇಲೆ ರುಬ್ಬುಗುಂಡಿನಂತೆ ಕೂತಳು.

ತೊಲಗಿದರೆ ಸಾಕೆಂದು ಹಲ್ಲು ಕಚ್ಚಿ ಉಳಿ ಹಿಡಿದ.

"ದಪ್ಪಕ್ಕಾಕಣ್ಣ. ಪಂಕ್ತಿ ಆ ತುದೀಲಿದ್ರೂ ಕಾಣ್ಬೇಕು."

ಅಂಚಿನ ಮೇಲೆ ಚುಕ್ಕಿ ಚುಕ್ಕಿಯಾಗಿ ದಪ್ಪಕ್ಕೆ ಕೊರೆದ. "ಕೊನೇದ್ಯಾಕೋ ಸಣ್ಣಕೈತೆ" ಎಂದಳು ಅಕ್ಷರ ಬಾರದ ಮಾರಕ್ಕ. ಅದನ್ನೂ ತಿದ್ದಿದ. ತಿದ್ದಿ ತಿರುಗಿದರೆ, ಆಸಿಡ್ಡು ತಗಡನ್ನು ಆರ್‌ಪಾರ್ ತಿಂದುಹಾಕಿತ್ತು. ಕೊಕ್ಕರೆ ಇದ್ದಲ್ಲಿ ಕೊಕ್ಕರೆಯಾಕಾರದ ತೂತು.

ಮಾರಕ್ಕ ಬಗ್ಗಿ ನೋಡಿದಳು. "ಕೊಕ್ಕರೆ ಎಲ್ಲಣ್ಣ, ಆರೋಯ್ತಾ?"

ನರಸಿಂಹಯ್ಯ ಸುತ್ತಿಗೆ ಎತ್ತಿದ. ಮಾರಕ್ಕನಿಗೆ ಹೊಡೆಯುವಂತಿಲ್ಲ, ಅವಳ ಹರಿವಾಣಕ್ಕೆ ಹೊಡೆದ. ಊರಿನ ಒಂದೊಂದು ಕೊಳಗವನ್ನೂ ನೆನೆದು ನೆನೆದು ಹೊಡೆದ. "ತಡಿ, ಲಕ್ಕಮ್ಮನ್ನ ಕರ್ಕಂಬತ್ತೀನಿ" ಎಂದು ಮಾರಕ್ಕ ಬಾವಿ ಕಡೆ ಓಡಿದಳು.

ಕೈ ಸೋತು ನಿಂತಾಗ ನೋಡಿದ. ಹರಿವಾಣದ ನಡುವೆಲ್ಲ ತಗ್ಗುದಿಣ್ಣೆ. ಬಿಸಿಲು ಬಿದ್ದು ಕೆರೆನೀರಿನಂತೆ ತುಳುಕುತ್ತಿತ್ತು. ತೂತಿನ ತಗಡನ್ನು ತೊಳೆದು ಅದರ ನಡುವಿಗಿಟ್ಟ. ತೂತಿನೊಳಗೆ ಬಂಗಾರದ ಕೊಕ್ಕರೆ ಬಂದು ನಿಂತಿತು. ಎರಡನ್ನೂ ಹಲಗೆಗೆ ಬಡಿದು, ಹೆಂಗಸರು ಬರುವ ಮೊದಲೇ ಕಂಕುಳಲ್ಲಿ ಅವುಚಿಕೊಂಡು ಯಶವಂತಪುರದ ದಾರಿ ಹಿಡಿದ.

ಸಂಜೆ ಮೈಕು ಗೊರಗುಟ್ಟಿತು. "ಮೊದಲನೇ ಬಹುಮಾನ, ಕೊಕ್ಕರೆ ಚಿತ್ರಕ್ಕೆ." ನರಸಿಂಹಯ್ಯ ಅಂಗಿ ಜಗ್ಗಿಕೊಂಡು ಎದ್ದ. "ಶ್ರೀಮತಿ ಮಾರಕ್ಕನವರು."

ಅವನು ವೇದಿಕೆಗೆ ನುಗ್ಗಿದ. "ಮಾಡಿದೋನು ನಾನು ಸ್ವಾಮಿ."

"ಚಿತ್ರದ ಮೇಲೇ ಹೆಸರಿದೆಯಲ್ರೀ, ಇಷ್ಟು ದಪ್ಪಕ್ಕೆ. ನೀವು ಮಾರಕ್ಕನಾ?" ಎಂದರು ಅಧ್ಯಕ್ಷರು.

ಮೈದಾನವೆಲ್ಲ ನಕ್ಕಿತು. ಅಷ್ಟರಲ್ಲಿ ಹರಿವಾಣ ಹುಡುಕಿಕೊಂಡು ಮಾರಕ್ಕನೇ ಬಂದಳು. "ಅದು ನಂದು" ಎಂದಳು. ಶಾಲು ಹೊದಿಸಿದರು, ಚಪ್ಪಾಳೆ ಬಿತ್ತು.

"ಹಾಗಾದ್ರೆ ಈತ ಯಾರಮ್ಮ?"

ನರಸಿಂಹಯ್ಯನ ಮುಖ ಕೆಂಡವಾಗಿತ್ತು. ಮಾರಕ್ಕನಿಗೆ ಅಯ್ಯೋ ಅನ್ನಿಸಿತು. "ನಮ್ಮೂರ ನರಸಿಂಹಯ್ಯ ಸ್ವಾಮಿ. ಆ ಎಸ್ರು ಕೊರ್ದೋನು ಅವ್ನೇ. ಪಾಪ, ಮೈಕ್ನಾಗೆ ಅವ್ನೆಸ್ರೂ ಒಂದ್ಸಲ ಏಳಿ."

ಅಧ್ಯಕ್ಷರು ಮೈಕು ಎಳೆದುಕೊಂಡರು. "ಪಾತ್ರೆಗಳಿಗೆ ಹೆಸರು ಹಾಕಿಸಬೇಕಾದವರು ಗೊರಗುಂಟೆಪಾಳ್ಯದ ನರಸಿಂಹಯ್ಯನವರನ್ನು ಕಾಣತಕ್ಕದ್ದು."

ಟಣ್ ಟಣ್ ಅನ್ನಲಿಲ್ಲ, ಬರಿಯ ನರಸಿಂಹಯ್ಯ. ಹಿಂದಿನವರಿಗೂ ಕೇಳಲೆಂದು ಎರಡು ಸಲ ಕೂಗಿದರು.