ನಮ್ಮ ಮನೆಯವರ ಕಾಲು, ಬ್ರೂಸ್‌ಪೇಟೆ ಪಂಚಾಯ್ತಿ

ಗಂಡ ಫುಟ್ಬಾಲ್ ಆಡುವವನಾದರೆ ಅವನ ಹೊಟ್ಟೆ ಅಷ್ಟೇ ಮನೆಯವರದು, ಕಾಲು ಊರವರದು. ನಮ್ಮ ಮನೆಯವರ ಎರಡು ಕಾಲಿನ ಸಲುವಾಗಿ ನಮ್ಮ ಕಟ್ಟೆಯ ಮೇಲೆ ನಡೆದಷ್ಟು ಪಂಚಾಯ್ತಿ ಯಾವ ಹೊಲದ ತಂಟೆಗೂ ನಡೆದಿರಲಿಕ್ಕಿಲ್ಲ. ಒಂದು ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ಕಟ್ಟೆಗೆ ಕೂತಿರುತ್ತಿತ್ತು. ನೆನಪಿಗೆ ಬಂದಷ್ಟು ಹೇಳುತ್ತೀನಿ.

೧. ನಡೆಸಿ ನೋಡಿದ್ದು

ಸ್ವಾತಂತ್ರ್ಯ ಬಂದ ಮರುವರ್ಷ ನನ್ನ ಮದುವೆಯಾಯಿತು. ಬಳ್ಳಾರಿ ಆಗಿನ್ನೂ ಮದ್ರಾಸಿನ ಕೈಯಲ್ಲಿತ್ತು. ನಾನು ಸಿರುಗುಪ್ಪ ಕಡೆಯ ಕರೂರಿನವಳು, ಭತ್ತದ ಗದ್ದೆ ಬಿಟ್ಟರೆ ಬೇರೆ ಬಯಲು ಕಂಡವಳಲ್ಲ. ಗಂಡ ಬ್ರೂಸ್‌ಪೇಟೆಯ ಮೆಣಸಿನಕಾಯಿ ಮಂಡಿಯಲ್ಲಿ ತೂಕ ಹಾಕುತ್ತಾನೆ ಅಂತ ಹೇಳಿದ್ದರು. ಚೆಂಡಾಡುತ್ತಾನೆ ಅಂತ ಯಾರೂ ಹೇಳಿರಲಿಲ್ಲ.

ಬಂದ ಮೂರನೇ ದಿನ ಬೆಳಿಗ್ಗೆ ಬಾಗಿಲು ಸಾರಿಸುತ್ತಿದ್ದೆ. ಇಬ್ಬರು ಹಿರಿಯರು ಬಂದರು. ಒಬ್ಬರು ಪೊಲೀಸು ನೌಕರಿ ಮುಗಿಸಿದ ದಫೇದಾರ ಮಾಮ, ಮೀಸೆಗೆ ಇನ್ನೂ ನೌಕರಿ ಇತ್ತು. ಇನ್ನೊಬ್ಬರು ಟಾಂಗಾ ಹೊಡೆಯುವ ಚಾಚಾ.

"ತಂಗಿ, ನಿನ್ನ ಗಂಡನ ಬಲಗಾಲು ಹೆಂಗ ಐತಿ?" ಅಂದರು ದಫೇದಾರ ಮಾಮ.

"ಎಡಗಾಲಿಂದೂ ಹೇಳು ಬೇಟಿ. ಹೋದ ತಿಂಗಳು ಅದೂ ಬಾತಿತ್ತು," ಅಂದರು ಚಾಚಾ.

ಮದುವೆಯ ದಿನ ತಲೆ ಎತ್ತಿ ನೋಡಿದವಳಲ್ಲ ನಾನು. ಕುಂಟನಿಗೆ ಕಟ್ಟಿಬಿಟ್ಟರಲ್ಲಪ್ಪಾ ಅಂತ ಒಳಗೆ ಹೋಗಿ ಕಣ್ಣೀರು ಹಾಕಿದೆ. ಸಂಜೆ ಅವರು ಮಂಡಿಯಿಂದ ಬಂದರು. ಧೈರ್ಯ ಮಾಡಿ, "ಸ್ವಲ್ಪ ಆ ಗೋಡೀತನಕ ಹೋಗಿ ಬರ್ರಿ," ಅಂದೆ. ಹೋಗಿ ಬಂದರು. "ಇನ್ನೊಮ್ಮೆ," ಅಂದೆ. ಪಾಪ, ಇನ್ನೊಮ್ಮೆಯೂ ಹೋಗಿ ಬಂದರು. ಮೂರನೇ ಸಲ ಅಂದಾಗ ನಿಂತು ನನ್ನ ಮುಖ ನೋಡಿದರು.

"ಎತ್ತು ಕೊಳ್ಳೋರು ಕೊಳ್ಳೋಕಿಂತ ಮೊದಲ ನಡೆಸಿ ನೋಡ್ತಾರ. ನೀ ಏನು, ಕೊಂಡಮ್ಯಾಲ ನಡೆಸಾಕ ಹತ್ತೀ?"

೨. ಕಸಗೊಂಡು ಕೊಡೋ ಕೆಲಸ

ಆಟ ಅಂದರೆ ಏನು, ಅದರಲ್ಲಿ ಇವರ ಕೆಲಸ ಏನು ಅಂತ ಅತ್ತೆಯನ್ನು ಕೇಳಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ಇವ ಹಾಫ್. ನಡು ಬಯಲಾಗ ನಿಂದರ್ತಾನ. ಎದುರಿನವರು ಚೆಂಡು ತರ್ತಾರ, ಇವ ಕಸಗೋತಾನ."

"ಕಸಗೊಂಡು ಗೋಲು ಹೊಡೀತಾರ?"

"ಇಲ್ಲ. ಮುಂದ ನಿಂತ ನಮ್ಮವರಿಗೆ ಕೊಡ್ತಾನ. ಅವರು ಹೊಡೀತಾರ."

"ಮಂದಿ ಯಾರನ್ನ ಹೊತ್ತುಕೊಂಡು ಕುಣೀತಾರ?"

"ಹೊಡದವರನ್ನ."

ನನಗೆ ಸರಿ ಬರಲಿಲ್ಲ. ಇಷ್ಟು ಮೈ ಮುರಿದು ದುಡಿದು, ತಂದದ್ದನ್ನು ಬೇರೆಯವರ ಕೈಗೆ ಹಾಕಿ ಹಿಂದೆ ನಿಲ್ಲುವುದು ಯಾವ ಸೀಮೆ ಜಾಣತನ? "ಅಲ್ರೀ ಅತ್ತಿ, ಇದು ಯಾರಾದ್ರೂ ಮಾಡೋ ಕೆಲಸೇನು? ಒಬ್ಬರೂ ಇವರ ಹೆಸರು ಹೇಳಂಗಿಲ್ಲ!" ಅಂದೆ.

ಅತ್ತೆ ರೊಟ್ಟಿಯನ್ನು ಹಂಚಿಗೆ ಹಾಕಿ, ಹಣೆಯ ಬೆವರು ಒರೆಸಿಕೊಂಡರು. "ಇಪ್ಪತ್ತೈದು ವರ್ಷದಿಂದ ಈ ಒಲಿ ಮುಂದ ನಾ ಅದನ್ನೇ ಮಾಡಾಕ ಹತ್ತೀನಿ. ಇವತ್ತಿನತನಕ ನನ್ನ ಕಾಲು ಹೆಂಗ ಐತಿ ಅಂತ ಒಬ್ಬ ದಫೇದಾರ ಬಂದು ಕೇಳಿಲ್ಲ."

೩. ಅಂಗಳದ ಫೌಲು

ನಮ್ಮ ಮನೆಯವರಷ್ಟು ಸಮಾಧಾನದ ಮನುಷ್ಯ ಬ್ರೂಸ್‌ಪೇಟೆಯಲ್ಲಿ ಇನ್ನೊಬ್ಬ ಇರಲಿಲ್ಲ. ಆದರೆ ಚೆಂಡು ಕಂಡರೆ ಮೈಮೇಲೆ ಏನೋ ಬರುತ್ತಿತ್ತು. ಕುರುಗೋಡಿನ ಹುಡುಗರು ಬಳ್ಳಾರಿಗೆ ಆಡಲು ಬಂದಾಗ ಇವರು ಅವರಲ್ಲಿ ಒಬ್ಬನ ಮುಂಗಾಲಿಗೆ ಒದ್ದು ಬೀಳಿಸಿದರು. ಬೂಟಿಲ್ಲ ಗೀಟಿಲ್ಲ, ಬರಿಗಾಲಿನ ಆಟ. ಆದರೂ ಆ ಹುಡುಗ ಉರುಳಾಡಿಬಿಟ್ಟನಂತೆ. ರೆಫ್ರಿ ಸೀಟಿ ಊದಿ, ಬೆರಳು ತೋರಿಸಿ ಇವರನ್ನು ಹೊರಗೆ ಕಳಿಸಿದ.

ಮರುದಿನ ಕಟ್ಟೆ ತುಂಬಿತು.

"ಶಿಸ್ತಿಲ್ಲ! ಹತ್ತು ಮಂದೀನ ಬಿಟ್ಟು ಹೊರಗ ಕುಂತರ ಅದು ಎಂಥಾ ಆಟ?" ಅಂದರು ದಫೇದಾರ ಮಾಮ.

"ಅರೇ, ಅದು ಫೌಲೇ ಅಲ್ಲ!" ಅಂದರು ಚಾಚಾ. "ಅವ ಚೆಂಡಿಗೇ ಹೊಡದಾನ. ನಡುವ ಆ ಹುಡುಗನ ಕಾಲು ಬಂತು. ಕಾಲಿಗೆ ಯಾರು ಬಾ ಅಂದಿದ್ರು?"

ಮಾತಿನಲ್ಲಿ ಮುಗಿಯಲಿಲ್ಲ. ಆಡಿ ತೋರಿಸುವುದು ಅಂತಾಯಿತು. ಚೆಂಡು ಇರಲಿಲ್ಲ. ನಾನು ಪಲ್ಯಕ್ಕೆಂದು ತಂದಿಟ್ಟ ಕುಂಬಳಕಾಯಿಯನ್ನು ಅಂಗಳದ ನಡುವೆ ಇಟ್ಟರು. ಚಾಚಾ ಕುರುಗೋಡಿನ ಹುಡುಗನಾದರು. ಅರವತ್ತು ದಾಟಿದ ದಫೇದಾರ ಮಾಮ ಧೋತರ ಎತ್ತಿ ಕಟ್ಟಿ ನಮ್ಮ ಮನೆಯವರಾದರು. ತುಳಸಿಕಟ್ಟೆಯಿಂದ ಓಡಿ ಬಂದು ಒದ್ದೇಬಿಟ್ಟರು.

"ಫೌಲು! ಯಾ ಅಲ್ಲಾ, ಫೌಲು!" ಚಾಚಾ ಮುಂಗಾಲು ಹಿಡಿದುಕೊಂಡು ಒಂಟಿಕಾಲಲ್ಲಿ ಕುಪ್ಪಳಿಸಿದರು.

"ನಿನ್ನೆಯಿಂದ ನಾ ಹೇಳಾಕ ಹತ್ತಿದ್ದು ಏನು ಮತ್ತ?" ಅಂತ ದಫೇದಾರ ಮಾಮ ಮೀಸೆ ತಿರುವಿದರು.

ಆಗ ನಮ್ಮತ್ತೆ ಹೊರಗೆ ಬಂದರು. ಕುಂಬಳಕಾಯಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಬೀದಿಯ ಕಡೆ ಬೆರಳು ತೋರಿಸಿದರು. ರೆಫ್ರಿ ಒಬ್ಬನನ್ನು ಹೊರಗೆ ಹಾಕಿದ್ದ, ನಮ್ಮತ್ತೆ ಇಬ್ಬರನ್ನೂ ಹಾಕಿದರು.

೪. ಕಣ್ಣಿಗೊತ್ತಿಕೊಂಡದ್ದು

ಇಲ್ಲಿಂದ ಮುಂದಿನದಕ್ಕೆಲ್ಲ ನಾನೇ ಕಾರಣ. ಆ ಸಂಜೆ ನಮ್ಮ ಮನೆಯವರ ಕಾಲಿಗೆ ಔಡಲೆಣ್ಣೆ ತಿಕ್ಕುತ್ತಾ ಕೇಳಿದೆ:

"ಅಲ್ರೀ, ಮನುಷ್ಯರಿಗೆ ಕಾಲು ತಾಗಿದ್ರ ಮುಟ್ಟಿ ಕಣ್ಣಿಗೆ ಒತ್ತಿಕೋಬೇಕು. ಸಣ್ಣ ಕೂಸಿಗೂ ಗೊತ್ತಿರತೈತಿ. ಆ ಹುಡುಗಗ ಅಷ್ಟು ಜೋರು ಒದ್ದು ಹಂಗ ಬಂದುಬಿಟ್ರೇನು?"

ಅವರು ಎಣ್ಣೆ ಹಚ್ಚಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಆಮೇಲೆ, "ಖರೇ ಐತಿ. ಇನ್ನಮ್ಯಾಲ ತಪ್ಪಂಗಿಲ್ಲ," ಅಂದರು. ಅವರು ಮಾತು ಕೊಟ್ಟರೆ ಮುಗಿಯಿತು. ತಕ್ಕಡಿ ಹಿಡಿದ ಕೈ, ಕಾಳಿನಷ್ಟೂ ಆ ಕಡೆ ಈ ಕಡೆ ಆಗುತ್ತಿರಲಿಲ್ಲ.

ಮುಂದಿನ ಭಾನುವಾರ ಕೋಟೆ ಕಡೆಯ ಹುಡುಗರ ಜೊತೆ ಆಟ. ಮುಗಿದ ಮೇಲೆ ಚಾಚಾ ಬಂದರು. ಕೂಡು ಅಂದರೆ ಕೂಡಲಿಲ್ಲ.

"ಬೇಟಿ, ನಿನ್ನ ಗಂಡಗ ಏನು ಕುಡಿಸಿ ಕಳಿಸಿದ್ದಿ? ಚೆಂಡು ಕಸಗೊಂಡ. ಶಾಬಾಷ್ ಅಂದೆ. ಅಷ್ಟರಾಗ ಎದುರಿನವಗ ಕಾಲು ತಾಗಿತಂತ ಚೆಂಡು ಬಿಟ್ಟು ಬಗ್ಗಿದ. ಅವನ ಮೊಣಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಅವ ಚೆಂಡು ತಗೊಂಡು ಹೋಗಿ ಗೋಲು ಹಾಕಿದ. ಎರಡನೇದೂ ಹಂಗೇ."

"ಮೂರನೇದು?" ಅಂದೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು.

"ಮೂರನೇ ಹುಡುಗ ಒಳ್ಳೆ ಮನೆತನದವ. ಇವ ಬಗ್ಗಿದ್ದು ನೋಡಿ ಅವನೂ ಬಗ್ಗಿದ. ಇಬ್ಬರೂ ಒಬ್ಬರಿಗೊಬ್ಬರು ಬಗ್ಗಾಕ ಹತ್ತಿದ್ರು. ಚೆಂಡು ನಡುವ ಅನಾಥ. ಇನ್ನೊಬ್ಬ ಬಂದು ತಗೊಂಡು ಹೋಗಿ ಒಳಗ ಹಾಕಿದ. ಗೋಲು ಕಾಯೋ ಗೋಲಿ ಒಬ್ಬ ನೆಟ್ಟಗ ನಿಂತಿದ್ದ ನೋಡು. ಅವನೂ ಕೈ ಮುಗಿದುಬಿಟ್ಟಿದ್ರ ಮಂಗಳಾರತಿ ಆಗಿಹೋಗ್ತಿತ್ತು!"

೫. ಜಗಳದ ಪಾಠ

ನಗು ಬಂದದ್ದು ಅಷ್ಟೇ ಹೊತ್ತು. ತಂಡದ ಕ್ಯಾಪ್ಟನ್ ಅದೇ ಮಂಡಿಯ ಗುಮಾಸ್ತ. "ಒಂದು ಸಲ ಒದ್ದು ಹೊರಗ ಹೋಗ್ತಾನ, ಇನ್ನೊಂದು ಸಲ ಅಡ್ಡ ಬೀಳ್ತಾನ. ಸಿರುಗುಪ್ಪದ ಪಂದ್ಯಕ್ಕ ಇವ ಬ್ಯಾಡ," ಅಂದುಬಿಟ್ಟ.

ನಮ್ಮ ಮನೆಯವರು ಅರ್ಧ ರೊಟ್ಟಿಗೆ ಕೈ ತೊಳೆಯುತ್ತಿದ್ದರು. ಮೊದಲೆಲ್ಲ ಅಂಗಳದಲ್ಲಿ ನಿಂಬೆಹಣ್ಣು ಉರುಳಿ ಬಿದ್ದರೂ ಕಾಲಲ್ಲಿ ಮೆಲ್ಲಗೆ ತಟ್ಟಿ, ಮೇಲೆ ಹಾರಿಸಿ, ಕೈಯಲ್ಲಿ ಹಿಡಿದು ನನಗೆ ಕೊಡುತ್ತಿದ್ದರು. ಈಗ ಸುತ್ತು ಹಾಕಿ ದಾಟಿ ಹೋಗುತ್ತಿದ್ದರು. ಆ ನಿಂಬೆಹಣ್ಣು ನೋಡಿ ನನಗೆ ಅಳು ಬಂತು. ಮಂಡಿಯಲ್ಲಿ ದಿನವೆಲ್ಲ ಬೇರೆಯವರ ಮೂಟೆ ತೂಗುವ ಮನುಷ್ಯ. ಆ ಬಯಲೊಂದೇ ಅವರದಾಗಿತ್ತು. ಅದನ್ನೂ ನಾನೇ ಕಿತ್ತುಕೊಂಡಿದ್ದೆ.

ದಫೇದಾರ ಮಾಮ, ಚಾಚಾ ಹುಟ್ಟಿದಾಗಿನಿಂದ ಮೊದಲ ಸಲ ಒಂದಾಗಿ ಕ್ಯಾಪ್ಟನ್ನನ ಮುಂದೆ ನಿಂತರು. ಅವನು ಒಂದೇ ಒಂದು ಪಂದ್ಯ ಕೊಟ್ಟ. ಸಿರುಗುಪ್ಪದಲ್ಲಿ ಹೊರಗೆ ಹಾಕಿಸಿಕೊಂಡರೂ ಮುಗಿಯಿತು, ಚೆಂಡು ಬಿಟ್ಟು ಬಗ್ಗಿದರೂ ಮುಗಿಯಿತು, ಆಮೇಲೆ ತಂಡದ ಹೆಸರೆತ್ತಬಾರದು ಅಂದ.

ಇಬ್ಬರೂ ಅಲ್ಲಿಂದ ನೇರ ನನ್ನ ಹತ್ತಿರ ಬಂದರು.

"ಬೇಟಿ, ನಿನ್ನ ಗಂಡನ ಜೋಡಿ ಜಗಳ ಮಾಡು. ಅವಗ ಸಿಟ್ಟು ಬರಬೇಕು. ಸಿಟ್ಟಿದ್ದವ ಬಗ್ಗಂಗಿಲ್ಲ."

"ಭಾಳ ಸಿಟ್ಟು ಬ್ಯಾಡ ತಂಗಿ," ಅಂದರು ದಫೇದಾರ ಮಾಮ. "ಒದೆಯೋ ಅಷ್ಟು ಬ್ಯಾಡ. ಕಸಗೊಳ್ಳೋ ಅಷ್ಟು ಸಾಕು."

ಎಷ್ಟು ಸಿಟ್ಟು ಸಾಕು ಅಂತ ಅವರಿಬ್ಬರಿಗೇ ಜಗಳ ಹತ್ತಿತು. ನಾನು ಒಳಗೆ ಬಂದೆ. ನನಗೆ ಜಗಳ ಮಾಡಿ ಗೊತ್ತಿರಲಿಲ್ಲ. ಗಂಡನ ಹೆಸರನ್ನೇ ಹೇಳದವಳು ಬೈಯುವುದು ಹೆಂಗೆ? ಆದರೂ ಊಟಕ್ಕೆ ಕೂತಾಗ ಕಣ್ಣು ಮುಚ್ಚಿಕೊಂಡು ಅಂದೆ: "ನಮ್ಮ ಕರೂರಿನ ಎಮ್ಮಿ ನಿಮಗಿಂತ ಚೊಲೋ ಓಡ್ತಾವ!"

ಅವರು ಕೈ ತುತ್ತು ಕೈಯಲ್ಲೇ ಹಿಡಿದು ಯೋಚನೆ ಮಾಡಿದರು. "ಹೌದು. ಈಚೀಚಿಗೆ ನಾ ಸ್ವಲ್ಪ ಸಾವಕಾಶ ಆಗೀನಿ," ಅಂದರು.

ಮರುದಿನ ಬೇಳೆಸಾರಿಗೆ ಎರಡು ಹಿಡಿ ಮೆಣಸಿನಪುಡಿ ಸುರಿದೆ. ಒಗ್ಗರಣೆಯ ಘಾಟಿಗೆ ಪಕ್ಕದ ಮನೆಯ ಕೂಸು ಕೆಮ್ಮಿತು. ಈಗ ತಟ್ಟೆ ಎತ್ತಿ ಒಗೆಯುತ್ತಾರೆ ಅಂತ ಬಾಗಿಲ ಮರೆಯಲ್ಲಿ ನಿಂತೆ. ಹತ್ತು ವರ್ಷದಿಂದ ಮೆಣಸಿನಕಾಯಿ ಮಂಡಿಯ ಗಾಳಿ ಕುಡಿದ ಮನುಷ್ಯ ಅನ್ನುವುದನ್ನು ಮರೆತಿದ್ದೆ. ತಟ್ಟೆ ಬಳಿದು ಉಂಡು, ಬೆರಳು ನೆಕ್ಕಿ, ಮೆಲ್ಲಗೆ ಕೇಳಿದರು: "ಇವತ್ತು ಸಾರು ಸಪ್ಪಗ ಆಗೇತಲ್ಲ, ಮನ್ಯಾಗ ಖಾರ ತೀರೇತೇನು?"

೬. ಸಿರುಗುಪ್ಪದ ಬಯಲು

ಪಂದ್ಯದ ದಿನ ಅತ್ತೆಯೂ ನಾನೂ ಹೊರಟೆವು. ಪೆಟ್ರೋಲು ಸಿಗದ ಕಾಲ, ಇದ್ದಿಲ ಹೊಗೆಯಿಂದ ಓಡುವ ಬಸ್ಸು. ಏರು ಬಂದಲ್ಲಿ ಆಟಗಾರರೇ ಇಳಿದು ನೂಕುತ್ತಿದ್ದರು. ನೂಕುವಾಗ ಕ್ಯಾಪ್ಟನ್ನನ ಹಿಮ್ಮಡಿಗೆ ನಮ್ಮ ಮನೆಯವರ ಕಾಲು ತಾಗಿತು. ಇವರು ಬಸ್ಸು ಬಿಟ್ಟು ಬಗ್ಗಿದರು. ಬಸ್ಸು ನಾಲ್ಕು ಮಾರು ಹಿಂದೆ ಬಂತು. ಕ್ಯಾಪ್ಟನ್ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಸಿರುಗುಪ್ಪದ ಬಯಲಲ್ಲಿ ಜನವೋ ಜನ. ಆಟಕ್ಕೆ ಇಳಿಯುವ ಮುಂಚೆ ಅವರು ನೀರು ಕುಡಿಯಲು ನಮ್ಮ ಹತ್ತಿರ ಬಂದರು. ಚೊಂಬನ್ನು ಬಾಯಿಯ ತನಕ ತಂದು ಹಾಗೇ ನನ್ನ ಕೈಗೆ ಕೊಟ್ಟರು. "ಮಾತು ಬಿಡಾಕ ಆಗವಲ್ದು, ಆಟಾನೂ ಬಿಡಾಕ ಆಗವಲ್ದು," ಅಂದರು. ಮಾತು ವಾಪಸ್ ತಗೋತೀನಿ ಅನ್ನಬೇಕು ಅಂತ ಬಾಯಿ ತೆರೆದೆ. ಆದರೆ ಬಂದದ್ದು ಬೇರೆ ಮಾತು.

"ಒದ್ದಮ್ಯಾಲೇ ಮುಟ್ಟಬೇಕಂತ ಯಾರು ಹೇಳ್ಯಾರ? ಎಲ್ಲರಿಗೂ ಮೊದಲ ಮುಟ್ಟಿಬಿಡ್ರಿ. ಆಮ್ಯಾಲ ನಿಮ್ಮ ಪಾಡಿಗೆ ನೀವು ಆಡ್ರಿ."

ಅವರ ಮುಖ ಹುಣ್ಣಿಮೆಯಾಯಿತು.

ರೆಫ್ರಿ ಸೀಟಿ ಬಾಯಿಗೆ ಇಡುವಷ್ಟರಲ್ಲಿ ನಮ್ಮ ಮನೆಯವರು ಎದುರಿನ ತಂಡದ ಕಡೆ ನಡೆದರು. ಸಾಲಾಗಿ ಹನ್ನೊಂದು ಮಂದಿಯ ಮೊಣಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಒಬ್ಬೊಬ್ಬರಿಗೂ ಅದೇ ಮಾತು: "ಇವತ್ತು ತಾಗೋದಕ್ಕೆಲ್ಲಾ ಈಗೇ ಹೊಟ್ಟಿಗೆ ಹಾಕ್ಕೊಂಡುಬಿಡ್ರಿ."

ಅವರ ಸೆಂಟರ್ ಫಾರ್ವರ್ಡು ಆರಡಿ ಆಳು. ಮೂರು ಊರಿನ ಗೋಲಿಗಳು ಅವನ ಹೆಸರು ಕೇಳಿದರೆ ಬೆವರುತ್ತಿದ್ದರಂತೆ. ಅವನ ಎರಡೂ ಮೊಣಕಾಲು ಮುಟ್ಟಿದರು.

"ನನಗ್ಯಾಕ ಎರಡು?" ಅಂದ ಅವನು.

"ನೀವು ಹತ್ತಿರ ಬರೋದು ಜಾಸ್ತಿ ಐತಲ್ರಿ," ಅಂದರು ಇವರು, ಬಹಳ ಮರ್ಯಾದೆಯಿಂದ.

ಅವನ ಮುಖದ ಕಳೆ ಇಳಿದದ್ದು ನನಗೆ ಅಲ್ಲಿಂದಲೇ ಕಂಡಿತು. ಆಟ ಶುರುವಾಯಿತು. "ಪಟ್ಟುಕೋ ರಾ, ಹಿಡಿ ಅವನ್ನ!" ಅಂತ ದಫೇದಾರ ಮಾಮ ತೆಲುಗು, ಕನ್ನಡ ಎರಡರಲ್ಲೂ ಕೂಗುತ್ತಿದ್ದರು. ಹಿಡಿಯುವುದು ಏನಿತ್ತು? ನಮ್ಮ ಮನೆಯವರು ಒಂದು ಹೆಜ್ಜೆ ಇಟ್ಟರೆ ಎದುರಿನವರು ಚೆಂಡನ್ನು ಅಲ್ಲೇ ಇಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಇವರು ಸಾವಕಾಶ ತಗೊಂಡು ಮುಂದಿನವರಿಗೆ ಕೊಡುತ್ತಿದ್ದರು. ಆರಡಿ ಆಳು ಆಟ ಮುಗಿಯುವ ತನಕ ಬೇಲಿ ಪಕ್ಕದಲ್ಲೇ ಓಡಾಡಿದ. ನಾವು ಒಂದು ಗೋಲಿನಿಂದ ಗೆದ್ದೆವು. ಇವರು ಒಬ್ಬರಿಗೂ ಒದೆಯಲಿಲ್ಲ, ಒಂದು ಸಲವೂ ಬಗ್ಗಲಿಲ್ಲ.

"ಬರೋ ಭಾನುವಾರಾನೂ ನೀನೇ ಹಾಫ್," ಅಂದ ಕ್ಯಾಪ್ಟನ್. ಇವರು ನನ್ನ ಕೈಯಲ್ಲಿದ್ದ ಚೊಂಬು ತಗೊಂಡು ಮುಖದ ಮೇಲೆ ನೀರು ಸುರಿದುಕೊಂಡರು. ಕಣ್ಣೀರು ಯಾವುದು, ಚೊಂಬಿನ ನೀರು ಯಾವುದು ಗೊತ್ತಾಗಲಿಲ್ಲ.

"ಶಿಸ್ತು ಅಂದ್ರ ಇದು!" ಅಂದರು ದಫೇದಾರ ಮಾಮ. "ಶಿಸ್ತಲ್ಲ, ಕಾಲಿನ ಕಸುವು!" ಅಂದರು ಚಾಚಾ. ಅವರಿಬ್ಬರನ್ನು ಬಿಟ್ಟು ನಾವು ಬಸ್ಸಿನ ಕಡೆ ನಡೆದೆವು.

ಬಸ್ಸಿನ ಮರೆಯಲ್ಲಿ ಆ ಆರಡಿ ಆಳು ಕಾಯುತ್ತಾ ನಿಂತಿದ್ದ. ಕಣ್ಣು ಕೆಂಪಾಗಿದ್ದವು. ಹೊಡೆಯುತ್ತಾನೇನೋ ಅಂತ ನಾನು ಅತ್ತೆಯ ಕೈ ಹಿಡಿದೆ. ಅವನು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ.

"ಅಣ್ಣಾ, ಬರೇ ನಮಸ್ಕಾರಕ್ಕ ಅಂಜಿದ ಅಂತ ಊರೆಲ್ಲಾ ನಗಾಕ ಹತ್ಯಾರ. ಮನಿಗೆ ಹೋಗಾಕ ಮುಖ ಇಲ್ಲ. ಒಂದೇ ಒಂದು ಒದ್ದುಬಿಡ್ರಿ. ಬಾತಿದ್ದನ್ನ ಊರವರಿಗೆ ತೋರಿಸ್ತೀನಿ."

"ಆಟ ಮುಗೀತಲ್ಲಪ್ಪಾ, ಈಗ ಒದ್ರ ತಪ್ಪಾಗತೈತಿ," ಅಂದರು ಇವರು.

"ಎರಡು ಸಲ ಮುಟ್ಟೀರಿ ಅಣ್ಣಾ. ಒಂದಕ್ಕಾದ್ರೂ ಒದೀರಿ!"

ಇವರು ನನ್ನ ಮುಖ ನೋಡಿದರು. "ಪಾಪ, ಅಷ್ಟು ಕೇಳಾಕ ಹತ್ಯಾನ, ಒಂದು ಒದೀರಿ," ಅಂದೆ. ಇವರು ಲೆಕ್ಕ ಹಾಕಿ, ಅಳತೆ ನೋಡಿ, ಅವನ ಎಡಗಾಲಿನ ಮುಂಗಾಲಿಗೆ ಒಂದು ಒದ್ದರು. ಅವನು "ದೇವರು ನಿಮ್ಮನ್ನ ತಣ್ಣಗ ಇಟ್ಟಿರಲಿ," ಅಂತ ಹಲ್ಲು ಕಚ್ಚಿ ಹರಸಿದ.

ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ತನ್ನೂರಿನ ಮಂದಿಯ ನಡುವೆ ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು, ಎದೆ ಉಬ್ಬಿಸಿ, ದೊಡ್ಡದಾಗಿ ನರಳುತ್ತಾ ಹೋಗುತ್ತಿದ್ದ. ಕುಂಟುತ್ತಿದ್ದದ್ದು ಮಾತ್ರ ಬಲಗಾಲು.