ಸೊಪ್ಪಿನ ಕಬ್ಬಿಣ ಹೋದ ದಾರಿ

ಹಾಸ್ಟೆಲ್ ವಾರ್ಡನ್ ಆದವಳು ನಗೆಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಸುಸ್ತಾಗಿ ಕೂತರೆ ಸಾಕು, ಅವೇ ಬಾಗಿಲು ತಟ್ಟುತ್ತವೆ.

ಚಂದಾಪುರದ ನಮ್ಮ ಹಾಸ್ಟೆಲಿನಲ್ಲಿ ಇದ್ದವರೆಲ್ಲ ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಗಳ ಹುಡುಗಿಯರು. ಅವರಲ್ಲಿ ರಾಯಚೂರಿನವಳೊಬ್ಬಳು ಕೆಲಸದ ಮಧ್ಯೆ ತಲೆ ತಿರುಗಿ ಬಿದ್ದಳು. "ರಕ್ತದಲ್ಲಿ ಕಬ್ಬಿಣಾಂಶ ಕಡಿಮೆ. ಮುಂದಿನ ತಪಾಸಣೆಗೆ ಏರದಿದ್ದರೆ ಕೆಲಸಕ್ಕೆ ಬೇಡ," ಎಂದರು ಫ್ಯಾಕ್ಟರಿ ಡಾಕ್ಟರು. ಮಾತ್ರೆ ನುಂಗಿದರೆ ಅವಳಿಗೆ ವಾಂತಿ. ಒಳ್ಳೆಯ ಸೊಪ್ಪು ತಿನ್ನಿಸುವ ಹೊಣೆ ನಾನು ಹೊತ್ತೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಹೊತ್ತದ್ದನ್ನು ಅರ್ಧಕ್ಕೆ ಇಳಿಸಿ ಗೊತ್ತಿಲ್ಲ.

೧. ಕೆರೆಯ ಸೊಪ್ಪು

ಬೆಳೆದ ಮಣ್ಣು, ನೀರಿನಂತೆ ಸೊಪ್ಪಿನ ಗುಣ ಎಂದು ಓದಿದ್ದೆ. ಬಾಗಿಲಿಗೆ ಬರುವ ಸೊಪ್ಪಿನವಳನ್ನು ಕೇಳಿದೆ: "ಎಲ್ಲಿ ಬೆಳೆದದ್ದಮ್ಮ? ಇದರಲ್ಲಿ ಕಬ್ಬಿಣ ಇದೆಯೇ?"

"ಕೆರೆ ಪಕ್ಕದಾಗೆ ಬೆಳೆದಿದ್ದು ಮೇಡಂ. ಸುತ್ತ ಇರೋ ಫ್ಯಾಕ್ಟರಿ ನೀರೆಲ್ಲ ಅಲ್ಲಿಗೇ ಬತ್ತದೆ. ಕಬ್ಬಿಣ ಏನು, ತಾಮ್ರ, ಸೀಸ, ಏನು ಕೇಳಿದ್ರೂ ಐತೆ!"

೨. ಮಣ್ಣಿಲ್ಲದ ಸೊಪ್ಪು

ಬೇಗೂರಿನಲ್ಲಿ ಸಾಫ್ಟ್‌ವೇರ್ ಯುವಕನೊಬ್ಬ ಪೈಪುಗಳಲ್ಲಿ, ಬರೀ ನೀರಿನಲ್ಲಿ ಪಾಲಕ್ ಬೆಳೆಯುತ್ತಿದ್ದ. ಹಾಸ್ಟೆಲಿನ ಅಡುಗೆಯವಳನ್ನು ಕರೆದುಕೊಂಡು ಹೋದೆ.

"ಮಣ್ಣೇ ಮುಟ್ಟಿಲ್ಲ ಮೇಡಂ," ಎಂದ ಹೆಮ್ಮೆಯಿಂದ.

"ಹಾಗಾದರೆ ಕಬ್ಬಿಣ ಎಲ್ಲಿಂದ?"

"ಈ ಬಾಟಲಿಯಿಂದ. ಅಳತೆ ಮಾಡಿ ನೀರಿಗೆ ಹಾಕ್ತೀನಿ."

"ಎಲೆಗೆ ಎಷ್ಟು ಬಂದಿದೆ, ಪರೀಕ್ಷೆ ಮಾಡಿಸಿದ್ದೀರಾ?"

"ಇಲ್ಲ... ಆದ್ರೆ ಎಷ್ಟು ಗ್ರೀನ್ ಆಗಿದೆ ನೋಡಿ!"

ಅಡುಗೆಯವಳು ನನ್ನ ಕಿವಿಯಲ್ಲಿ, "ಮೇಡಂ, ಆ ಬಾಟಲೀನೇ ತಗೊಳ್ಳೋಣ. ತೊಳೆಯೋದು, ಹೆಚ್ಚೋದು ಒಂದೂ ಇರಲ್ಲ," ಎಂದಳು.

೩. ತಾರಸಿಯ ಸೊಪ್ಪು

ಕೊನೆಗೆ ನಮ್ಮ ತಾರಸಿಯಲ್ಲೇ ಕುಂಡಗಳಿಟ್ಟು, ಕೆಮ್ಮಣ್ಣು, ಎರೆಗೊಬ್ಬರ ತುಂಬಿಸಿ ದಂಟು ಸೊಪ್ಪು ಹಾಕಿಸಿದೆ. "ಬುಡಕ್ಕೆ ಹೋದದ್ದೇ ಎಲೆಗೆ ಬರುವುದು," ಎಂದು ಅಡುಗೆಯವಳಿಗೆ ದಿನವೂ ಪಾಠ. ಹುಡುಗಿ ತಟ್ಟೆ ಖಾಲಿ ಮಾಡುವವರೆಗೆ ಎದುರಿಗೇ ನಿಂತಿರುತ್ತಿದ್ದೆ.

ತಪಾಸಣೆಯಾಯಿತು. ರಕ್ತದ ಕಬ್ಬಿಣಾಂಶ ಒಂದಿಷ್ಟೂ ಏರಿರಲಿಲ್ಲ. ನಾನು ಬೇಡಿಕೊಂಡ ಮೇಲೆ ಡಾಕ್ಟರು ಬೇರೆ ಮಾತ್ರೆ ಬರೆದು, ಇನ್ನೊಂದೇ ಒಂದು ಅವಕಾಶ ಕೊಟ್ಟರು.

ಮರುದಿನ ಹುಡುಗಿಯೊಂದಿಗೆ ತಾರಸಿ ಹತ್ತಿದರೆ, ಅಡುಗೆಯವಳು ಪಾತ್ರೆಯಿಂದ ಹಸಿರು ನೀರನ್ನು ಕುಂಡಗಳಿಗೆ ಹುಯ್ಯುತ್ತಿದ್ದಳು.

"ಏನದು?"

"ಸೊಪ್ಪು ಬೇಯಿಸಿ ಬಸಿದ ನೀರು ಮೇಡಂ. ಆರಿಸಿ ದಿನಾ ಹಾಕ್ತೀನಿ."

"ಅದರಲ್ಲಿ ಬಸ್ಸಾರು ಮಾಡುತ್ತಿದ್ದೆಯಲ್ಲ?"

"ಬುಡಕ್ಕೆ ಹೋಗಿದ್ದೇ ಎಲೆಗೆ ಬರೋದು ಅಂತ ನೀವೇ ಹೇಳಿದ್ರಲ್ಲ? ಸತ್ವ ಎಲ್ಲಾ ಈ ನೀರಲ್ಲೇ ಇರೋದು. ಅದಕ್ಕೇ ಸಾರು ಬಿಟ್ಬಿಟ್ಟೆ."

ನಾನು ಅಲ್ಲೇ ಸುಸ್ತಾಗಿ ಕೂತೆ. ರಾಯಚೂರಿನ ಹುಡುಗಿ ಕೊಬ್ಬಿ ನಿಂತ ಗಿಡಗಳನ್ನು ಒಂದೊಂದಾಗಿ ನೋಡಿದಳು.

"ಮೇಡಂ, ಮುಂದಿನ ಸಲ ಡಾಕ್ಟ್ರ ಕಡೆ ನನ್ನ ಬದ್ಲಿ ಈ ಕುಂಡಾ ಕಳಸ್ರಿ. ಪಾಸಾಗಿ ಬರ್ತೈತಿ."